ಎರಡೂ ಕಡೆ ಸೈರನ್, ನಡುವೆ ಡಿಕ್ಕಿ: ತಪ್ಪು ಯಾರದು ಅಂತ ಕಂಡುಹಿಡಿಯುವುದು ಹೇಗೆ?

ಆಂಬುಲೆನ್ಸ್‌ಗೆ ಕಾರು ಗುದ್ದಿದರೆ ಸುತ್ತ ಸೇರಿದ ಜನ ಐದು ನಿಮಿಷದಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ಕಾರಿನವನದ್ದೇ ತಪ್ಪು, ದಾರಿ ಬಿಡಬೇಕಿತ್ತು ಅಲ್ವಾ? ಆದರೆ ಆಂಬುಲೆನ್ಸ್‌ಗೆ ಗುದ್ದಿದ್ದು ಫೈರ್ ಇಂಜಿನ್ ಆದರೆ? ಇಬ್ಬರಿಗೂ ಅವಸರ ಇತ್ತು. ಇಬ್ಬರ ಸೈರನ್ನೂ ಕೂಗುತ್ತಿತ್ತು. ಇಬ್ಬರಿಗೂ ದಾರಿ ಬಿಡಬೇಕು ಅಂತ ಕಾನೂನೇ ಹೇಳುತ್ತದೆ. ಆಗ ಜನ ಸುಮ್ಮನಾಗುತ್ತಾರೆ, ಇಲ್ಲವೇ ದೊಡ್ಡ ಗಾಡಿಯ ಡ್ರೈವರ್ ಕಡೆ ಬೆರಳು ತೋರಿಸುತ್ತಾರೆ.

ಇಂಥ ಡಿಕ್ಕಿಯಲ್ಲಿ ತಪ್ಪನ್ನು ಹೇಗೆ ಅಳೆಯಬೇಕು ಅಂತ ಒಂದೊಂದೇ ಹೆಜ್ಜೆಯಾಗಿ ಇಲ್ಲಿ ಹೇಳುತ್ತೇನೆ. ಕಾನೂನು ನಮ್ಮ ದೇಶದ್ದು, ಕಚೇರಿಗಳು ನಮ್ಮ ರಾಜ್ಯದವು. ಗಾಯಗೊಂಡವರ ಮನೆಯವರು, ಗಾಡಿ ಓಡಿಸುವವರು, ಹೊಸದಾಗಿ ಅಪಘಾತದ ಕೇಸು ಹಿಡಿದ ವಕೀಲರು, ಜಿಲ್ಲಾ ವರದಿಗಾರರು, ಎಲ್ಲರಿಗೂ ಒಂದಿಷ್ಟು ಉಪಯೋಗ ಆದೀತು.

ಬರಹದ ತುಂಬ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಇದು ನಾನೇ ಕಟ್ಟಿದ್ದು, ನಡೆದದ್ದಲ್ಲ. ಒಂದು ಜಿಲ್ಲಾ ಕೇಂದ್ರದ ಸರ್ಕಲ್. ಸಂಜೆ 6:40. ಉತ್ತರದಿಂದ ಫೈರ್ ಇಂಜಿನ್ ಬರುತ್ತಿದೆ, ಗೋದಾಮಿಗೆ ಬೆಂಕಿ ಬಿದ್ದಿದೆ. ಅದಕ್ಕೆ ಹಸಿರು ಸಿಗ್ನಲ್. ಪೂರ್ವದಿಂದ ಆಂಬುಲೆನ್ಸ್ ಬರುತ್ತಿದೆ, ಒಳಗೆ ಎದೆನೋವಿನ ರೋಗಿ. ಅದಕ್ಕೆ ಕೆಂಪು. ಮೂಲೆಯಲ್ಲಿ ಮೂರು ಮಹಡಿಯ ಕಾಂಪ್ಲೆಕ್ಸ್ ಇರುವುದರಿಂದ ಒಬ್ಬರಿಗೊಬ್ಬರು ಕಾಣುವುದು ಕೊನೇ ಗಳಿಗೆಯಲ್ಲಿ. ಫೈರ್ ಇಂಜಿನ್ನಿನ ಮೂತಿ ಆಂಬುಲೆನ್ಸ್‌ನ ಬಲ ಮಗ್ಗುಲಿಗೆ ಬಡಿಯಿತು.

ಹೆಜ್ಜೆ 1: ಗಾಡಿ ಎತ್ತುವ ಮೊದಲು

ಕ್ರೇನ್ ಬಂದು ಗಾಡಿಗಳನ್ನು ಎಳೆದ ಮೇಲೆ ಅರ್ಧ ಸಾಕ್ಷಿ ಹೋಯಿತು ಅಂತಲೇ ಲೆಕ್ಕ. ಗಾಯಾಳುಗಳನ್ನು ಬೇರೆ ಗಾಡಿಗೆ ಹತ್ತಿಸುವುದು ಮೊದಲ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಅದಾದ ಮೇಲೆ ಕೈಯಲ್ಲಿ ಫೋನ್ ಇದ್ದವರು ಯಾರಾದರೂ ಸರಿ, ಫೋಟೋ ತೆಗೆಯಬೇಕು. ದೂರದಿಂದ ನಾಲ್ಕೂ ದಿಕ್ಕಿನಲ್ಲಿ, ಆಮೇಲೆ ಹತ್ತಿರದಿಂದ.

ಹತ್ತಿರದಿಂದ ಅಂದರೆ ಏನನ್ನು? ನುಜ್ಜುಗುಜ್ಜಾದ ಬಾಗಿಲನ್ನು ಎಲ್ಲರೂ ತೆಗೆಯುತ್ತಾರೆ. ನೆಲ ನೋಡುವವರು ಕಡಿಮೆ. ಗಾಜಿನ ಚೂರು, ಬಂಪರ್ ಅಡಿಯಿಂದ ಉದುರಿದ ಒಣ ಮಣ್ಣು, ರೇಡಿಯೇಟರ್ ನೀರು ಎಲ್ಲಿ ಬಿದ್ದಿದೆ ಅನ್ನುವುದು ಮುಖ್ಯ. ಮಣ್ಣಿನ ಹೆಂಟೆ ಸಾಮಾನ್ಯವಾಗಿ ಡಿಕ್ಕಿ ಆದ ಜಾಗದ ಆಸುಪಾಸಿನಲ್ಲೇ ಉದುರುತ್ತದೆ. ಗಾಡಿ ನಿಂತ ಜಾಗವೇ ಬೇರೆ, ಗುದ್ದಿದ ಜಾಗವೇ ಬೇರೆ. ಟೈರ್ ಗುರುತು ಇದ್ದರೆ ಅದರ ಪಕ್ಕ ಒಂದು ಚಪ್ಪಲಿಯನ್ನೋ ನೀರಿನ ಬಾಟಲಿಯನ್ನೋ ಇಟ್ಟು ಫೋಟೋ ತೆಗೆಯಿರಿ, ಅಳತೆ ಗೊತ್ತಾಗುತ್ತದೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಗಳಲ್ಲಿ ಈ ಗುರುತು ತುಂಬ ಮಸುಕು. ಗುರುತು ಕಾಣಲಿಲ್ಲ ಅಂದ ಮಾತ್ರಕ್ಕೆ ಬ್ರೇಕೇ ಹಾಕಿಲ್ಲ ಅಂತ ಅಲ್ಲ.

ಇನ್ನು ಕ್ಯಾಬಿನ್ ಒಳಗೆ. ಸೈರನ್ ಸ್ವಿಚ್ಚು, ಮೇಲಿನ ಮಿನುಗು ದೀಪದ ಸ್ವಿಚ್ಚು, ಗೇರು, ಸೀಟ್ ಬೆಲ್ಟು, ಇಷ್ಟರ ಫೋಟೋ ಬೇಕು. ಯಾರೂ ಮುಟ್ಟುವ ಮೊದಲು ಬೇಕು. ಡಿಕ್ಕಿ ಆದ ಮೇಲೂ ಸೈರನ್ ಕೂಗುತ್ತಲೇ ಇರುತ್ತದೆ, ಯಾರೋ ಒಬ್ಬರು ಕಿರಿಕಿರಿ ತಾಳಲಾರದೆ ಆಫ್ ಮಾಡುತ್ತಾರೆ. ಆರು ತಿಂಗಳ ನಂತರ ಕಟಕಟೆಯಲ್ಲಿ 'ಸ್ವಿಚ್ಚು ಆಫ್ ಇತ್ತಲ್ಲ' ಅನ್ನುವ ಪ್ರಶ್ನೆ ಬರುವುದು ಇದೇ ಕಾರಣಕ್ಕೆ. ಫೈರ್ ಇಂಜಿನ್ ಆದರೆ ಟ್ಯಾಂಕಿನಲ್ಲಿ ಎಷ್ಟು ನೀರಿತ್ತು ಅಂತಲೂ ಬರೆದಿಟ್ಟುಕೊಳ್ಳಿ. ಸಾವಿರ ಲೀಟರ್ ನೀರು ಅಂದರೆ ಒಂದು ಟನ್. ಅರ್ಧ ತುಂಬಿದ ಟ್ಯಾಂಕಿನ ನೀರು ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗುತ್ತದೆ.

ಸಿಸಿಟಿವಿ ವಿಷಯದಲ್ಲಿ ಜನ ಮಾಡುವ ದೊಡ್ಡ ತಪ್ಪು, ಆಮೇಲೆ ನೋಡೋಣ ಅನ್ನುವುದು. ಅಂಗಡಿ, ಪೆಟ್ರೋಲ್ ಬಂಕುಗಳ ಕ್ಯಾಮೆರಾಗಳಲ್ಲಿ ಹಳೆಯದರ ಮೇಲೇ ಹೊಸದು ಬರೆದುಕೊಂಡು ಹೋಗುತ್ತದೆ. ಕೆಲವೇ ವಾರದಲ್ಲಿ ಎಲ್ಲ ಅಳಿಸಿಹೋಗುತ್ತದೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಉತ್ತರಕ್ಕೆ 30 ದಿನ, ಅಷ್ಟರಲ್ಲಿ ದೃಶ್ಯವೇ ಇರುವುದಿಲ್ಲ. ಹಾಗಾಗಿ ಮಾರನೇ ದಿನವೇ ಅಂಗಡಿ ಮಾಲೀಕರಿಗೂ ಟ್ರಾಫಿಕ್ ಠಾಣೆಗೂ ಒಂದು ಪತ್ರ ಕೊಡಿ: ಇಂಥ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ದೃಶ್ಯ ಅಳಿಸಬೇಡಿ, ಕೇಸಿಗೆ ಬೇಕು. ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಪ್ರತಿ ಸಿಕ್ಕಾಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನಡಿ ಡಿಜಿಟಲ್ ದಾಖಲೆಗೆ ಕೊಡುವ ಪ್ರಮಾಣಪತ್ರವೂ ಜೊತೆಗೆ ಬೇಕು. ಅದಿಲ್ಲದ ಪೆನ್‌ಡ್ರೈವ್‌ಗೆ ಕೋರ್ಟಿನಲ್ಲಿ ಬೆಲೆ ಕಡಿಮೆ.

ಹೆಜ್ಜೆ 2: ನಿಜವಾಗಿ ತುರ್ತು ಇತ್ತೇ?

ಬಹಳ ಜನ ಈ ಹೆಜ್ಜೆಯನ್ನು ಹಾರಿಬಿಡುತ್ತಾರೆ. ಆಂಬುಲೆನ್ಸ್ ಅಂದ ಕೂಡಲೇ ತುರ್ತು ಅಂದುಕೊಳ್ಳುತ್ತೇವೆ. ಆದರೆ ಕಾನೂನಿನ ವಿನಾಯಿತಿ ಗಾಡಿಗೆ ಅಂಟಿಕೊಂಡಿಲ್ಲ, ಆ ಹೊತ್ತಿನ ಕೆಲಸಕ್ಕೆ ಅಂಟಿಕೊಂಡಿದೆ. ರೋಗಿಯನ್ನು ಇಳಿಸಿ ಖಾಲಿ ಮರಳುತ್ತಿರುವ ಆಂಬುಲೆನ್ಸ್ ಬೇರೆ ಗಾಡಿಗಳ ಹಾಗೆಯೇ ಒಂದು ಗಾಡಿ. ಬೆಂಕಿ ಆರಿಸಿ ಠಾಣೆಗೆ ಹೊರಟ ಫೈರ್ ಇಂಜಿನ್ನೂ ಅಷ್ಟೇ. ಟ್ರಾಫಿಕ್ ಜಾಸ್ತಿ ಇದೆ ಅಂತ ಸೈರನ್ ಹಾಕಿದ್ದರೆ ಅದು ತಪ್ಪಿನ ಪಟ್ಟಿಗೆ ಸೇರುತ್ತದೆ.

ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಕರ್ನಾಟಕದಲ್ಲಿ 108 ಸೇವೆ 2008ರ ನವೆಂಬರ್ 1ರಂದು ಶುರುವಾಯಿತು. ಅಲ್ಲಿ ಕರೆ ಬಂದ ಹೊತ್ತು, ಗಾಡಿ ಹೊರಟ ಹೊತ್ತು, ರೋಗಿಯನ್ನು ಹತ್ತಿಸಿಕೊಂಡ ಹೊತ್ತು ಎಲ್ಲ ದಾಖಲಾಗುತ್ತದೆ. ಫೈರ್ ಸ್ಟೇಷನ್ನಿನಲ್ಲಿ ಕರೆಯ ದಾಖಲೆಯೂ ಗಾಡಿ ಹೊರಟ ದಾಖಲೆಯೂ ಇರುತ್ತವೆ. ಪೊಲೀಸ್ ಗಾಡಿಯಾದರೆ 112ರ ಕರೆ, ವೈರ್‌ಲೆಸ್ ಸಂದೇಶ, ಗಾಡಿಯ ಲಾಗ್ ಬುಕ್. ಖಾಸಗಿ ಆಂಬುಲೆನ್ಸ್ ಆದರೆ ಕೆಲಸ ಜಾಸ್ತಿ. ಆಸ್ಪತ್ರೆಯ ದಾಖಲಾತಿ ಸಮಯ, ಡ್ರೈವರ್ ಫೋನಿನ ಕರೆಗಳು, ಟೋಲ್ ದಾಟಿದ ಸಮಯ ಇವನ್ನೆಲ್ಲ ಹೊಂದಿಸಿ ನೋಡಬೇಕು.

ನಮ್ಮ ಉದಾಹರಣೆಯಲ್ಲಿ ಎರಡೂ ಗಾಡಿಗಳಿಗೆ ನಿಜವಾದ ತುರ್ತು ಇತ್ತು. ಮುಂದಕ್ಕೆ ಹೋಗೋಣ.

ಹೆಜ್ಜೆ 3: ಯಾರಿಗೆ ಮೊದಲ ದಾರಿ?

ಮೋಟಾರು ವಾಹನ ಚಾಲನಾ ನಿಯಮಗಳು, 2017 ಇದಕ್ಕೊಂದು ಸಾಲು ಹಾಕಿಕೊಟ್ಟಿವೆ. ಮೊದಲು ಅಗ್ನಿಶಾಮಕ ವಾಹನ, ಆಮೇಲೆ ಆಂಬುಲೆನ್ಸ್, ಆಮೇಲೆ ಪೊಲೀಸ್ ವಾಹನ. ಬಹಳ ಜನರಿಗೆ ಇದು ಗೊತ್ತಿಲ್ಲ. ಆಂಬುಲೆನ್ಸ್‌ನಲ್ಲಿ ಜೀವ ಇದೆ, ಅದೇ ಮೊದಲು ಅಂದುಕೊಂಡಿರುತ್ತಾರೆ. ಕಟ್ಟಡಕ್ಕೆ ಬೆಂಕಿ ಬಿದ್ದರೆ ಅಲ್ಲಿ ಎಷ್ಟು ಜೀವ ಸಿಕ್ಕಿಕೊಂಡಿವೆಯೋ ಯಾರಿಗೆ ಗೊತ್ತು? ಅದಕ್ಕೇ ಈ ಸಾಲು ಇರಬೇಕು ಅಂತ ನನ್ನ ಊಹೆ.

ಹಾಗಾದರೆ ಫೈರ್ ಇಂಜಿನ್ ಗೆದ್ದಿತೇ? ಇಲ್ಲ. ಈ ಸಾಲು ಕೆಲಸ ಮಾಡುವುದು ಇಬ್ಬರೂ ಒಬ್ಬರನ್ನೊಬ್ಬರು ನೋಡಿದ ಮೇಲೆ. ನೋಡಿಯೂ ಆಂಬುಲೆನ್ಸ್ ನಿಲ್ಲಲಿಲ್ಲ ಅಂದರೆ ಆಗ ಸಾಲಿನ ಪ್ರಶ್ನೆ. ಕಾಣದೇ ಬಂದು ಬಡಿದಾಗ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಕಾಣದ ಜಾಗಕ್ಕೆ ಆ ವೇಗದಲ್ಲಿ ಯಾಕೆ ನುಗ್ಗಿದಿರಿ?

ಅದೇ ನಿಯಮಗಳು ತುರ್ತು ವಾಹನಕ್ಕೆ ಕೆಂಪು ಸಿಗ್ನಲ್ ದಾಟಲು, ವೇಗದ ಮಿತಿ ಮೀರಲು ಅನುಮತಿ ಕೊಟ್ಟಿವೆ. ಆದರೆ ಜೊತೆಗೆ ಷರತ್ತೂ ಹಾಕಿವೆ. ಸೈರನ್ನೂ ಮಿನುಗು ದೀಪವೂ ಹೊತ್ತಿರಬೇಕು, ಪೂರ್ತಿ ಎಚ್ಚರ ಮತ್ತು ಹೊಣೆ ಹೊತ್ತು ಓಡಿಸಬೇಕು, ಕೆಂಪು ದಾಟುವಾಗ ವೇಗ ತಗ್ಗಿಸಬೇಕು. ಸೈರನ್ ದಾರಿ ಕೇಳುತ್ತದೆ. ದಾರಿ ಸಿಕ್ಕಿದೆಯೋ ಇಲ್ಲವೋ ಅಂತ ಡ್ರೈವರೇ ಕಣ್ಣಾರೆ ನೋಡಿಕೊಳ್ಳಬೇಕು. ಈ ವ್ಯತ್ಯಾಸ ಹಿಡಿದರೆ ಇಂಥ ಕೇಸಿನ ಮುಕ್ಕಾಲು ಭಾಗ ಬಿಡಿಸಿದಂತೆ.

ಇಲ್ಲೊಂದು ತಮಾಷೆಯೂ ಇದೆ. ತುರ್ತು ವಾಹನಕ್ಕೆ ದಾರಿ ಬಿಡದವರಿಗೆ ಮೋಟಾರು ವಾಹನ ಕಾಯ್ದೆಯ 194ಇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. 'ಗಾಡಿ ಓಡಿಸುವ ಯಾರೇ ಆಗಲಿ' ಅನ್ನುವ ಧಾಟಿಯಲ್ಲಿ ಅದು ಇದೆ. ಓದುವಂತೆ ಓದಿದರೆ ಫೈರ್ ಇಂಜಿನ್ನಿಗೆ ದಾರಿ ಬಿಡದ ಆಂಬುಲೆನ್ಸ್ ಡ್ರೈವರಿಗೂ ಅದು ತಾಗುತ್ತದೆ!

ಝೀರೋ ಟ್ರಾಫಿಕ್ ಇದ್ದರೆ ಲೆಕ್ಕ ಬದಲಾಗುತ್ತದೆ. 2020ರ ಫೆಬ್ರುವರಿಯಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಹಸುಗೂಸನ್ನು ಹೃದಯದ ಚಿಕಿತ್ಸೆಗೆ ಕರೆತಂದ ಆಂಬುಲೆನ್ಸ್ ಓಟ ನೆನಪಿರಬಹುದು. ಊರೂರಿನಲ್ಲೂ ಪೊಲೀಸರು, ಜನ ಸೇರಿ ದಾರಿ ಬಿಡಿಸಿದ್ದರು. ಅಂಥ ಏರ್ಪಾಡಿನಲ್ಲಿ ಅಡ್ಡರಸ್ತೆ ಮುಚ್ಚಿದ್ದೇವೆ ಅಂತ ಪೊಲೀಸರು ಹೇಳಿದ ಮೇಲೆ ಡ್ರೈವರ್ ಅದನ್ನು ನಂಬುವುದು ಸಹಜ. ಅಲ್ಲಿ ಇನ್ನೊಂದು ತುರ್ತು ವಾಹನ ನುಗ್ಗಿ ಬಂದರೆ, ಆ ವಿಷಯ ಇಬ್ಬರಿಗೂ ಯಾರು ಹೇಳಬೇಕಿತ್ತು ಅನ್ನುವ ಪ್ರಶ್ನೆ ಕಂಟ್ರೋಲ್ ರೂಮಿನ ಬಾಗಿಲಿಗೆ ಹೋಗುತ್ತದೆ.

ಹೆಜ್ಜೆ 4: ಒಬ್ಬರ ಸೈರನ್ ಇನ್ನೊಬ್ಬರಿಗೆ ಕೇಳಿಸಿತೇ?

'ಇಷ್ಟು ಜೋರಾಗಿ ಕೂಗುತ್ತಿದ್ದರೂ ಕೇಳಿಸಲಿಲ್ಲವೇ?' ಅಂತ ಕೇಳುವವರು ಒಮ್ಮೆ ಆಂಬುಲೆನ್ಸ್‌ನ ಮುಂದಿನ ಸೀಟಿನಲ್ಲಿ ಕೂತು ನೋಡಬೇಕು. ತಲೆಯ ಮೇಲೆ ಸ್ವಂತ ಸೈರನ್ ಅರಚುತ್ತಿರುತ್ತದೆ. ಹಿಂದಿನಿಂದ ಇಎಂಟಿ, ಅಂದರೆ ರೋಗಿಯನ್ನು ನೋಡಿಕೊಳ್ಳುವ ಸಿಬ್ಬಂದಿ, ಏನೋ ಹೇಳುತ್ತಿರುತ್ತಾರೆ. ರೋಗಿಯ ಕಡೆಯವರು ಅಳುತ್ತಿರುತ್ತಾರೆ. ಆ ಗದ್ದಲದಲ್ಲಿ ಅಡ್ಡರಸ್ತೆಯ ಇನ್ನೊಂದು ಸೈರನ್ ಕಿವಿಗೆ ಬೀಳುವುದು ಕಷ್ಟ. ಬಿದ್ದರೂ ಅದು ತನ್ನದೇ ಸದ್ದು, ಗೋಡೆಗೆ ಬಡಿದು ವಾಪಸು ಬರುತ್ತಿದೆ ಅನ್ನಿಸಬಹುದು. ಎರಡೂ ಗಾಡಿಯಲ್ಲಿ ಒಂದೇ ರಾಗದ ಏರಿಳಿತ ಇದ್ದರಂತೂ ಬೇರ್ಪಡಿಸುವುದೇ ಆಗದು. ಅನುಭವಿ ಡ್ರೈವರುಗಳು ಜಂಕ್ಷನ್ ಹತ್ತಿರ ಬಂದಾಗ ಸೈರನ್ನಿನ ರಾಗ ಬದಲಿಸುತ್ತಾರೆ, ಉದ್ದನೆಯ ಕೂಗಿನಿಂದ ಚುಟುಕು ಕೂಗಿಗೆ. ಒಂದು ಕ್ಷಣ ನಿಲ್ಲಿಸಿ ಕಿವಿ ಕೊಡುವವರೂ ಇದ್ದಾರೆ.

ರಸ್ತೆಯಲ್ಲಿದ್ದ ಜನರಿಗೂ ಇದೇ ಗೊಂದಲ. ಒಂದು ಸೈರನ್ ಕೇಳಿ ದಾರಿ ಬಿಡುತ್ತಾರೆ, ಒಂದೇ ಗಾಡಿ ಬರುತ್ತಿದೆ ಅಂದುಕೊಳ್ಳುತ್ತಾರೆ. ಹಾಗಾಗಿ ಸಾಕ್ಷಿಗಳನ್ನು 'ಸೈರನ್ ಕೇಳಿಸಿತೇ' ಅಂತ ಕೇಳಬೇಡಿ. ಎಲ್ಲರೂ ಹೌದು ಅನ್ನುತ್ತಾರೆ. ಎಷ್ಟು ಸೈರನ್ ಕೇಳಿಸಿತು, ಯಾವ ಕಡೆಯಿಂದ, ಗಾಡಿ ಕಾಣುವ ಎಷ್ಟು ಮೊದಲು ಅಂತ ಕೇಳಿ. ಎಳನೀರಿನ ಗಾಡಿಯವರು, ಆಟೋ ಸ್ಟ್ಯಾಂಡಿನವರು ಒಳ್ಳೆಯ ಸಾಕ್ಷಿಗಳು. ದಿನಾ ಅಲ್ಲೇ ಇರುವುದರಿಂದ ಯಾವುದು ಮಾಮೂಲು, ಯಾವುದು ಅಲ್ಲ ಅಂತ ಅವರಿಗೆ ಗೊತ್ತು.

ನನ್ನ ಮಟ್ಟಿಗೆ ಇದರಿಂದ ಹೊರಡುವುದು ಒಂದೇ ಮಾತು. ಕಿವಿ ಕೈಕೊಡುತ್ತದೆ ಅಂತ ತುರ್ತು ವಾಹನದ ಡ್ರೈವರಿಗೆ ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತಿರಬೇಕು. ಕೇಳಿಸಲಿಲ್ಲ ಅನ್ನುವುದು ನೆಪ ಆಗುವುದಿಲ್ಲ. ಕೇಳಿಸುವುದಿಲ್ಲ ಅನ್ನುವುದೇ ವೇಗ ತಗ್ಗಿಸಲು ಕಾರಣ.

ಹೆಜ್ಜೆ 5: ವೇಗದ ಲೆಕ್ಕ

ಇಲ್ಲಿ ಸ್ವಲ್ಪ ಗಣಿತ ಇದೆ. ಹೆದರಬೇಡಿ, ಹೈಸ್ಕೂಲಿನದ್ದೇ.

ವಿಡಿಯೋದಿಂದ ಶುರು ಮಾಡೋಣ. ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮು ತೆಗೆಯುತ್ತದೆ ಅನ್ನಿ. ರಸ್ತೆಯ ಮೇಲೆ ಎರಡು ಗುರುತು ಹುಡುಕಿ, ಜೀಬ್ರಾ ಪಟ್ಟಿಯ ಅಂಚು ಮತ್ತು ಒಂದು ಮ್ಯಾನ್‌ಹೋಲ್ ಮುಚ್ಚಳ. ಸ್ಥಳಕ್ಕೆ ಹೋಗಿ ಟೇಪು ಹಿಡಿದು ಅಳೆಯಿರಿ. 10 ಮೀಟರ್ ಬಂತು. ಆಂಬುಲೆನ್ಸ್‌ನ ಮುಂಗಾಲಿ ಅಷ್ಟು ದೂರ ದಾಟಲು 15 ಫ್ರೇಮು ತೆಗೆದುಕೊಂಡಿತು. ಅಂದರೆ 0.6 ಸೆಕೆಂಡು. ಸೆಕೆಂಡಿಗೆ 16.7 ಮೀಟರ್, ಗಂಟೆಗೆ 60 ಕಿ.ಮೀ. ಇಷ್ಟೇ. ಒಂದೇ ಎಚ್ಚರಿಕೆ: ಎಷ್ಟೋ ಕ್ಯಾಮೆರಾಗಳು 25 ಅಂತ ಬರೆದುಕೊಂಡು 12 ಫ್ರೇಮು ತೆಗೆಯುತ್ತವೆ. ತೆರೆಯ ಮೇಲಿನ ಗಡಿಯಾರದ ಒಂದು ಸೆಕೆಂಡಿನಲ್ಲಿ ನಿಜವಾಗಿ ಎಷ್ಟು ಫ್ರೇಮು ಇವೆ ಅಂತ ಎಣಿಸಿಕೊಳ್ಳಿ.

ಟೈರ್ ಗುರುತಿನಿಂದ ಲೆಕ್ಕ ಹಾಕುವುದಾದರೆ, ಗುರುತಿನ ಉದ್ದವನ್ನು ಮೀಟರಿನಲ್ಲಿ ಇಟ್ಟು, ರಸ್ತೆಯ ಹಿಡಿತದ ಅಂಕಿಯಿಂದ ಗುಣಿಸಿ, ಮತ್ತೆ 254ರಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. ಬಂದದ್ದು ಗಂಟೆಗೆ ಇಷ್ಟು ಕಿ.ಮೀ. ಒಣ ಡಾಂಬರಿಗೆ ಹಿಡಿತ ಸುಮಾರು 0.7. 20 ಮೀಟರ್ ಗುರುತಿಗೆ 60 ಕಿ.ಮೀ. ಬರುತ್ತದೆ. ಮಳೆಯಲ್ಲಿ ಹಿಡಿತ 0.4 ಅಂತಿಟ್ಟರೆ ಅದೇ ಗುರುತಿಗೆ 45 ಕಿ.ಮೀ. ಮಾತ್ರ. ಅವತ್ತು ರಸ್ತೆ ಒದ್ದೆ ಇತ್ತೇ ಅಂತ ಪೊಲೀಸರು ಸ್ಥಳದಲ್ಲಿ ಬರೆಯುವ ಮಹಜರಿನಲ್ಲಿ ಬರೆಸದೇ ಬಿಟ್ಟರೆ 15 ಕಿ.ಮೀ. ಅತ್ತಿತ್ತ ಆಗುತ್ತದೆ. ಗುರುತು ಮುಗಿದ ಜಾಗದಲ್ಲೂ ಗಾಡಿ ಇನ್ನೂ ಓಡುತ್ತಿದ್ದರೆ, ನಿಜವಾದ ವೇಗ ಇದಕ್ಕಿಂತ ಹೆಚ್ಚೇ.

ಮೂರನೆಯದು ನನಗೆ ತುಂಬ ಇಷ್ಟ. ಗುದ್ದಿದ ಮೇಲೆ ಗಾಡಿಗಳು ಯಾವ ದಿಕ್ಕಿಗೆ ಹೋದವು? ನೀರು ತುಂಬಿದ ಫೈರ್ ಇಂಜಿನ್ 14 ಟನ್, ವೇಗ 40 ಅನ್ನಿ. ಆಂಬುಲೆನ್ಸ್ 3 ಟನ್, ವೇಗ 60. ತೂಕವನ್ನು ವೇಗದಿಂದ ಗುಣಿಸಿದರೆ ಒಂದು ಕಡೆ 560, ಇನ್ನೊಂದು ಕಡೆ 180. ಎರಡೂ ಕಚ್ಚಿಕೊಂಡು ಸರಿದರೆ ಫೈರ್ ಇಂಜಿನ್ ಹೋಗುತ್ತಿದ್ದ ದಿಕ್ಕಿನಿಂದ ಸುಮಾರು 18 ಡಿಗ್ರಿ ಪಕ್ಕಕ್ಕೆ ವಾಲುತ್ತವೆ. ಆಂಬುಲೆನ್ಸ್ 30ರಲ್ಲಿ ಇದ್ದಿದ್ದರೆ 9 ಡಿಗ್ರಿ ಮಾತ್ರ. ಅಂದರೆ ನೆಲದ ಮೇಲಿನ ಆ ವಾಲಿಕೆಯೇ ಆಂಬುಲೆನ್ಸ್‌ನ ವೇಗವನ್ನು ಹೇಳುತ್ತದೆ. ಮಹಜರಿನ ನಕ್ಷೆಯನ್ನು ಕೈಬರಹದಲ್ಲಿ ಎರಡು ಚೌಕ, ಒಂದು ಬಾಣ ಹಾಕಿ ಮುಗಿಸಿದರೆ ಈ ಸಾಕ್ಷಿ ಹೋಯಿತು. ಅಳತೆ ಹಾಕಿಸಿ.

ಇದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಆಂಬುಲೆನ್ಸ್ ಅಪ್ಪಚ್ಚಿಯಾಗಿ ಫೈರ್ ಇಂಜಿನ್ನಿಗೆ ಬಂಪರ್ ಮಾತ್ರ ಬಗ್ಗಿದ್ದರೆ ಅದು ತೂಕದ ಲೆಕ್ಕ. ತಪ್ಪಿನ ಲೆಕ್ಕ ಅಲ್ಲ. ಆದರೂ ಎಫ್‌ಐಆರ್ ಮಾತ್ರ ದೊಡ್ಡ ಗಾಡಿಯ ಮೇಲೇ ಬೀಳುವುದನ್ನು ನೋಡುತ್ತಲೇ ಇರುತ್ತೇವೆ.

ಜಿಪಿಎಸ್ ದಾಖಲೆಯನ್ನು ಕಣ್ಣು ಮುಚ್ಚಿ ನಂಬಬೇಡಿ. ಅದು ಕೆಲವು ಸೆಕೆಂಡಿಗೊಮ್ಮೆ ವೇಗ ಬರೆಯುತ್ತದೆ. ಡಿಕ್ಕಿಗೆ ಹತ್ತು ಸೆಕೆಂಡು ಮೊದಲು 60 ಇತ್ತು ಅಂದರೆ ಡಿಕ್ಕಿಯ ಕ್ಷಣದಲ್ಲೂ 60 ಅಂತ ಅಲ್ಲ.

ಹೆಜ್ಜೆ 6: ತಪ್ಪಿಸಬಹುದಿತ್ತೇ?

ವೇಗ ಗೊತ್ತಾಯಿತು. ಈಗ ಕಾಣುವ ದೂರವನ್ನು ಅಳೆಯಬೇಕು. ಡ್ರೈವರ್ ಕಣ್ಣಿನ ಎತ್ತರದಲ್ಲಿ ಫೋನ್ ಹಿಡಿದು, ಆ ಕಾಂಪ್ಲೆಕ್ಸಿನ ಮರೆಯಿಂದ ಅಡ್ಡರಸ್ತೆ ಎಲ್ಲಿ ಕಾಣಲು ಶುರುವಾಗುತ್ತದೆ ಅಂತ ನಡೆದುಕೊಂಡೇ ನೋಡಿ. ಡಿಕ್ಕಿಯ ಜಾಗದಿಂದ 15 ಮೀಟರ್ ಹಿಂದೆ ಅಂತ ಬಂತು ಅನ್ನಿ.

ಮನುಷ್ಯನಿಗೆ ಕಂಡು, ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಕೊಡೋಣ. 60ರಲ್ಲಿರುವ ಆಂಬುಲೆನ್ಸ್ ಅಷ್ಟರಲ್ಲೇ 25 ಮೀಟರ್ ಹೋಗಿರುತ್ತದೆ. ಆಮೇಲೆ ನಿಲ್ಲಲು ಇನ್ನೂ 20. ಒಟ್ಟು 45 ಮೀಟರ್ ಬೇಕು, ಇರುವುದು 15. ಬ್ರೇಕಿಗೆ ಕಾಲಿಡುವ ಮೊದಲೇ ಡಿಕ್ಕಿ ಆಗಿರುತ್ತದೆ. ಅದೇ 20ರಲ್ಲಿ ಬಂದಿದ್ದರೆ? ಒಟ್ಟು 11 ಮೀಟರಿಗೆ ನಿಲ್ಲುತ್ತಿತ್ತು. ಸಿಗ್ನಲ್ ದಾಟುವಾಗ ವೇಗ ತಗ್ಗಿಸಿ ಅನ್ನುವ ನಿಯಮದ ಹಿಂದಿನ ಅರ್ಥ ಈ ನಾಲ್ಕು ಮೀಟರಿನಲ್ಲಿದೆ.

ಫೈರ್ ಇಂಜಿನ್ ಕಡೆ ನೋಡಿದರೆ, 40ರಲ್ಲಿ ಭಾರದ ಗಾಡಿಗೆ ಸುಮಾರು 29 ಮೀಟರ್ ಬೇಕು. ಅದಕ್ಕೂ ಆಗುತ್ತಿರಲಿಲ್ಲ. ಆದರೆ ಅದಕ್ಕೆ ಹಸಿರಿತ್ತು. ಹಸಿರಿದ್ದವನು ಕೆಂಪಿನಲ್ಲಿ ಬರುವವನಿಗಾಗಿ ತೆವಳುತ್ತಾ ಹೋಗಬೇಕು ಅಂತ ಯಾರೂ ಹೇಳುವುದಿಲ್ಲ. ಆದರೂ ಎದುರಿನ ಆಟೋಗಳು ಯಾಕೆ ಪಕ್ಕಕ್ಕೆ ಸರಿಯುತ್ತಿದ್ದವು, ಹಸಿರಿದ್ದರೂ ಜನ ಯಾಕೆ ನಿಂತಿದ್ದರು ಅಂತ ಗಮನಿಸಬೇಕಿತ್ತು ಅನ್ನಬಹುದು.

ಹೆಜ್ಜೆ 7: ಬೇರೆ ಕೈಗಳು

ತಪ್ಪು ಇಬ್ಬರು ಡ್ರೈವರುಗಳ ನಡುವೆಯೇ ಹಂಚಿಕೆಯಾಗಬೇಕು ಅಂತ ಏನಿಲ್ಲ. ಕೈ ಬೀಸಿ 'ಬಾ' ಅಂದ ಕಾನ್‌ಸ್ಟೆಬಲ್ ಇದ್ದರೇ? ಸಿಗ್ನಲ್ ಕೆಟ್ಟಿತ್ತೇ? ಬ್ರೇಕ್ ಸರಿ ಇತ್ತೇ? ಕೊನೆಯದಕ್ಕೆ ಆರ್‌ಟಿಓ ಕಡೆಯಿಂದ ಮೋಟಾರು ವಾಹನ ನಿರೀಕ್ಷಕರು, ನಮ್ಮ ಮಾತಿನಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್, ಬಂದು ಗಾಡಿ ಪರೀಕ್ಷೆ ಮಾಡಿ ವರದಿ ಕೊಡುತ್ತಾರೆ. 'ಯಾಂತ್ರಿಕ ದೋಷದಿಂದ ಆದದ್ದಲ್ಲ' ಅನ್ನುವ ಒಂದೇ ಸಾಲಿಗೆ ಮುಗಿಸದೆ ಪೂರ್ತಿ ಓದಿ, ಟೈರಿನ ಸ್ಥಿತಿ ಬರೆದಿದ್ದಾರೋ ನೋಡಿ.

2022ರ ಜುಲೈನಲ್ಲಿ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಹೊನ್ನಾವರ ಕಡೆಯಿಂದ ರೋಗಿಯನ್ನು ತರುತ್ತಿದ್ದ ಆಂಬುಲೆನ್ಸ್ ಮಳೆಯ ನೆಲದಲ್ಲಿ ಜಾರಿ ಗಿರ್ರನೆ ತಿರುಗಿ ಟೋಲ್ ಕಟ್ಟೆಗೆ ಬಡಿಯಿತು. ನಾಲ್ವರು ತೀರಿಕೊಂಡರು. ಆ ಸಿಸಿಟಿವಿ ದೃಶ್ಯ ಎಲ್ಲರ ಫೋನಿಗೂ ಬಂತು. ಒಬ್ಬರು ಒದ್ದೆ ನೆಲ ಅಂದರು, ಒಬ್ಬರು ವೇಗ ಅಂದರು, ಒಬ್ಬರು ಅವಸರದಲ್ಲಿ ಎತ್ತುತ್ತಿದ್ದ ಬ್ಯಾರಿಕೇಡ್ ಅಂದರು, ಮಲಗಿದ್ದ ದನ ಅಂದವರೂ ಇದ್ದರು. ಅದು ಎರಡು ತುರ್ತು ವಾಹನಗಳ ಡಿಕ್ಕಿ ಅಲ್ಲ. ಆದರೂ ಇಲ್ಲಿ ಹೇಳಿದೆ, ಯಾಕೆಂದರೆ ಸ್ಪಷ್ಟವಾದ ವಿಡಿಯೋ ಇದ್ದರೂ ಏನಾಯಿತು ಅಂತ ಕಾಣುತ್ತದೆ, ಯಾಕಾಯಿತು ಅಂತ ಕಾಣುವುದಿಲ್ಲ.

ಡಿಕ್ಕಿ ಜಂಕ್ಷನ್ನಿನಲ್ಲೇ ಆಗಬೇಕು ಅಂತಲೂ ಇಲ್ಲ. ಒಂದೇ ಕರೆಗೆ ಎರಡು ಗಾಡಿ ಹಿಂದೆ ಮುಂದೆ ಓಡುವಾಗ ಮುಂದಿನದು ಬ್ರೇಕ್ ಹಾಕಿ ಹಿಂದಿನದು ಬಂದು ಬಡಿಯುತ್ತದೆ. ಅಲ್ಲಿ ಅಂತರ ಕಾಯದ ಹಿಂದಿನ ಡ್ರೈವರಿಗೆ ಉತ್ತರ ಕೊಡುವುದು ಕಷ್ಟ. ಹೆದ್ದಾರಿಯಲ್ಲಿ ಅಪಘಾತದ ಜಾಗದಲ್ಲಿ ನಿಂತ ಪೊಲೀಸ್ ಗಾಡಿಗೆ ಆಂಬುಲೆನ್ಸ್ ಗುದ್ದಿದರೆ, ಕೋನ್ ಇಟ್ಟಿದ್ದರೇ, ತಿರುವಿನ ಹಿಂದೆ ನಿಲ್ಲಿಸಿದ್ದರೇ ಅಂತ ನೋಡಬೇಕು. ಡಿಕ್ಕಿಯಲ್ಲಿ ಪೊಲೀಸ್ ಗಾಡಿಯೇ ಇದ್ದಾಗ ತನಿಖೆ ಅದೇ ಠಾಣೆಯಲ್ಲಿ ನಡೆಯದಂತೆ ಮೇಲಧಿಕಾರಿಗೆ ಅರ್ಜಿ ಕೊಡುವುದು ತಪ್ಪಲ್ಲ, ಜಾಣತನ.

ಹೆಜ್ಜೆ 8: ಪಾಲು ಹಾಕುವುದು

ನಮ್ಮ ಉದಾಹರಣೆಗೆ ನನ್ನ ಅಳತೆ ಆಂಬುಲೆನ್ಸ್ 70, ಫೈರ್ ಇಂಜಿನ್ 30. ಇದಕ್ಕೆ ಯಾವ ಕೋಷ್ಟಕವೂ ಇಲ್ಲ, ನ್ಯಾಯಾಧೀಶರು 75:25 ಅನ್ನಬಹುದು, 60:40 ಅನ್ನಬಹುದು.

ಒಂದೊಂದೇ ಸಂಗತಿ ಬದಲಿಸಿ ನೋಡಿ. ಆಂಬುಲೆನ್ಸ್ ಖಾಲಿ ಇದ್ದೂ ಸೈರನ್ ಹಾಕಿತ್ತು ಅಂದರೆ ಅದರ ಪಾಲು 90ರ ಹತ್ತಿರ. ಫೈರ್ ಇಂಜಿನ್ ಡಿವೈಡರ್ ದಾಟಿ ರಾಂಗ್ ಸೈಡಿನಲ್ಲಿ ಬಂದಿತ್ತು ಅಂದರೆ ಸರಿಸಮ. ಆಂಬುಲೆನ್ಸ್ ಕೆಂಪಿನಲ್ಲಿ ಪೂರ್ತಿ ನಿಂತು, ನೋಡಿ, ನಿಧಾನಕ್ಕೆ ಮುಕ್ಕಾಲು ಸರ್ಕಲ್ ದಾಟಿತ್ತು, ಆಗ ಫೈರ್ ಇಂಜಿನ್ 70ರಲ್ಲಿ ಬಂದು ಹಿಂಬಾಗಿಲಿಗೆ ಬಡಿಯಿತು ಅಂದರೆ ತಕ್ಕಡಿ ಪೂರ್ತಿ ಆಚೆಗೆ ವಾಲುತ್ತದೆ, ಹಸಿರಿದ್ದರೂ, ಸಾಲಿನಲ್ಲಿ ಮೊದಲಿದ್ದರೂ.

ಈ ಪಾಲಿಗೂ ರೋಗಿಗೂ ಅವರ ಕಡೆಯವರಿಗೂ ಸಂಬಂಧವಿಲ್ಲ. ಮಲಗಿದ್ದ ರೋಗಿಯ ತಪ್ಪೇನಿದೆ? ಇಬ್ಬರ ತಪ್ಪಿನಿಂದ ಮೂರನೆಯವರಿಗೆ ಪೆಟ್ಟಾದರೆ ಆ ಮೂರನೆಯವರು ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ಪಡೆಯಬಹುದು. ಕೆಎಸ್‌ಆರ್‌ಟಿಸಿಯ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ಹಿಡಿದ ದಾರಿ ಇದು. ಸುಪ್ರೀಂ ಕೋರ್ಟ್ 2015ರ ಖೆನ್ಯೈ ಪ್ರಕರಣದಲ್ಲಿ ಇದನ್ನೇ ಹೇಳಿತು. ಡ್ರೈವರೇ ಗಾಯಗೊಂಡರೆ ಹಾಗಲ್ಲ. ಅವರ ಪಾಲಿನ ತಪ್ಪಿನಷ್ಟು ಪರಿಹಾರದಲ್ಲಿ ಕಡಿತ.

ಸರ್ಕಾರಿ ಗಾಡಿ, ಯಾರನ್ನು ಕೇಳೋದು ಅಂತ ಕೈಚೆಲ್ಲಬೇಡಿ. ಮೋಟಾರು ವಾಹನ ಕಾಯ್ದೆಯ 146ನೇ ಕಲಮು ಸರ್ಕಾರದ ಗಾಡಿಗಳಿಗೆ ವಿಮೆಯಿಂದ ವಿನಾಯಿತಿ ಕೊಟ್ಟಿದೆ, ಹಾಗಾಗಿ ಫೈರ್ ಇಂಜಿನ್ನಿಗೆ ಪಾಲಿಸಿ ಇಲ್ಲದಿರಬಹುದು. ಆಗ ಸರ್ಕಾರವೇ ಕೊಡಬೇಕು. ಸರ್ಕಾರಿ ಜೀಪು ಒಬ್ಬ ಪಾದಚಾರಿಯ ಜೀವ ತೆಗೆದ ರಾಜಸ್ಥಾನದ ವಿದ್ಯಾವತಿ ಪ್ರಕರಣದಲ್ಲಿ 1962ರಲ್ಲೇ ಸುಪ್ರೀಂ ಕೋರ್ಟ್ ಸರ್ಕಾರವನ್ನು ಹೊಣೆ ಮಾಡಿತ್ತು.

ಹೆಜ್ಜೆ 9: ಕಾಗದಪತ್ರ

ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನದೊಳಗೆ ವಿವರವಾದ ವರದಿಯನ್ನೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಕೊಡಬೇಕು. 2022ರ ಏಪ್ರಿಲ್ 1ರಿಂದ ಈ ನಿಯಮ ಇದೆ. ಅವತ್ತಿನಿಂದಲೇ ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವೂ ಕಾಯ್ದೆಗೆ ಬಂದಿದೆ, ಅದನ್ನು ಮರೆಯಬೇಡಿ. ತಪ್ಪು ಯಾರದ್ದಾದರೂ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೊಡುವ 164ನೇ ಕಲಮೂ ಇದೆ, ಪಾಲಿನ ಜಗಳಕ್ಕೆ ಶಕ್ತಿ ಇಲ್ಲದವರಿಗೆ ಅದೊಂದು ದಾರಿ.

ಕ್ರಿಮಿನಲ್ ಕೇಸು ಬೇರೆಯೇ ಓಡುತ್ತದೆ. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281, ಸಾವಾದರೆ 106(1). ಅಲ್ಲಿ ಅನುಮಾನಕ್ಕೆ ಎಡೆ ಇಲ್ಲದಂತೆ ತಪ್ಪು ರುಜುವಾಗಬೇಕು. ನ್ಯಾಯಮಂಡಳಿಯಲ್ಲಿ ಹಾಗಿಲ್ಲ, ಯಾವುದು ಹೆಚ್ಚು ಸಂಭವನೀಯ ಅಂತ ನೋಡಿದರೆ ಸಾಕು ಅಂತ 2009ರ ಬಿಮ್ಲಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಚಾರ್ಜ್‌ಶೀಟ್ ಒಬ್ಬರ ಮೇಲೆ ಬಿದ್ದರೂ ನ್ಯಾಯಮಂಡಳಿ ಇಬ್ಬರಿಗೂ ಪಾಲು ಹಾಕಬಹುದು.

ಕೊನೆಗೆ, ಓದುತ್ತಿರುವವರು 108ರ ಪೈಲಟ್ಟೋ (ಅಲ್ಲಿ ಡ್ರೈವರಿಗೆ ಹಾಗನ್ನುತ್ತಾರೆ) ಫೈರ್ ಇಂಜಿನ್ ಡ್ರೈವರೋ ಆಗಿದ್ದರೆ ಒಂದು ಮಾತು. ಅಂಥದ್ದೇನಾದರೂ ಆದ ರಾತ್ರಿ, ಮಲಗುವ ಮೊದಲು, ಒಂದು ಹಾಳೆಯಲ್ಲಿ ಬರೆದಿಡಿ. ಕರೆ ಎಷ್ಟು ಹೊತ್ತಿಗೆ ಬಂತು, ಸಿಗ್ನಲ್ ಯಾವ ಬಣ್ಣ ಇತ್ತು, ಎಲ್ಲಿ ಬ್ರೇಕ್ ಮುಟ್ಟಿದಿರಿ, ಆ ಗಾಡಿ ಮೊದಲು ಕಂಡಾಗ ಎಲ್ಲಿತ್ತು, ಪಕ್ಕದಲ್ಲಿ ಕೂತವರು ಏನು ಕೂಗಿದರು. ತಾರೀಖು ಹಾಕಿ ಸಹಿ ಮಾಡಿ. ಒಂದು ಪ್ರತಿ ವಕೀಲರಿಗೆ ಕೊಟ್ಟು, ಇನ್ನೊಂದನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಎರಡು ವರ್ಷದ ಮೇಲೆ ಅಡ್ಡ ಸವಾಲಿನಲ್ಲಿ ನಿಂತಾಗ ನೆನಪು ಅರ್ಧ ಉಳಿದಿರುತ್ತದೆ, ಆ ಹಾಳೆ ಪೂರ್ತಿ ಇರುತ್ತದೆ.